ಗೌರಮ್ಮ ತಿನ್ನದ ಕಾಯೊಬ್ಬಟ್ಟು

ಗೆಳೆಯರೇ, ಬೇಡ ಅಂದವರ ಎಲೆಗೂ ಸಿಹಿ ಬಡಿಸುವ ನಮ್ಮ ಕಡೆಯ ಉಪಚಾರದ ಮೇಲೆ ನನಗೆ ಮೂವತ್ತು ವರ್ಷದ ಸಿಟ್ಟಿದೆ. ಇವತ್ತು ಅರಳಗುಪ್ಪೆಯ ನಾಮಕರಣವೊಂದರಲ್ಲಿ ಅಡುಗೆಯ ಗೌರಮ್ಮನನ್ನೂ ಅದು ಬಿಡಲಿಲ್ಲ. ಬೆಳಗಿನಿಂದ ಮುನ್ನೂರು ಕಾಯೊಬ್ಬಟ್ಟು ತಟ್ಟಿ ಬೇಯಿಸಿದ ಆಕೆ, ಕೊನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ತನಗೆಂದೇ ಮಾಡಿಕೊಂಡ ಪುಟ್ಟ ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಿದ್ದರು. ಆಕೆಗೆ ಸಕ್ಕರೆ ಕಾಯಿಲೆ. ಅದರಿಂದಲೇ ಅವರ ಅಕ್ಕ ಒಂದು ಕಾಲು ಕಳೆದುಕೊಂಡಿದ್ದರು.

ಮನೆಯ ಯಜಮಾನ ಒಬ್ಬಟ್ಟು ತಂದ. “ಒಂದು ತಿಂದ್ರೆ ಏನೂ ಆಗಲ್ಲ ಬುಡಕ್ಕ.”

ಗೌರಮ್ಮ ಎಲೆಗೆ ಎರಡೂ ಕೈ ಅಡ್ಡ ಹಿಡಿದರು. “ಏನೂ ಆಗಲ್ಲ ಅಂತ ನಂಗೂ ಗೊತ್ತು ಕಣಪ್ಪ. ಆದ್ರೆ ನಾಳೆ ಇನ್ನೊಂದು ಮನೇಲಿ ಬೇಡ ಅನ್ನೋಕೆ ಧೈರ್ಯ ಬರಲ್ಲ.”

“ಮತ್ತೆ ಮಾಡೋವಾಗ ಸಿಹಿ ಹೆಂಗೆ ನೋಡ್ತೀಯಕ್ಕ?”

“ಬೆಲ್ಲ ಕೈ ಅಳತೆ, ಹದ ಹೂರಣ ತಳ ಬಿಟ್ಟು ಬರೋದ್ರಲ್ಲೇ ಗೊತ್ತಾಗ್ತದೆ. ನಾಲಗೆಗಿಟ್ಟು ಎರಡು ವರ್ಷ ಆಯ್ತು.”

ತನ್ನ ಕೈರುಚಿಯನ್ನು ತಾನೇ ನೋಡದೆ ಊರಿಗೆಲ್ಲ ಉಣಿಸುವವರ ಬಗ್ಗೆ ನಾನು ಎಲ್ಲೂ ಓದಿಲ್ಲ.

ಯಜಮಾನನಿಗೆ ನಾಲ್ಕು ಮಾತು ಹೇಳಬೇಕೆನಿಸಿತು. ಆದರೆ ಅದೇ ಕಾಯಿಲೆ ಇಟ್ಟುಕೊಂಡು, ಹತ್ತು ವರ್ಷದಿಂದ ಅದರ ಪುಸ್ತಕಗಳನ್ನೇ ಓದುತ್ತಿರುವ ನನ್ನ ಬಾಯಲ್ಲಿ ಆಗ ಮೂರನೇ ಒಬ್ಬಟ್ಟಿತ್ತು.