ಎಡಗಡೆಯ ಕೆಳಮೂಲೆ

ನಮ್ಮ ಅತ್ತಿಗೆಗೆ ಕಂಪ್ಯೂಟರಿನಲ್ಲಿ ಒಂದೇ ಜಾತಿಯ ಆಟ ಇಷ್ಟ. ಪರದೆಯ ತುಂಬ ಸಾಮಾನು ಚೆಲ್ಲಾಡಿದ ಒಂದು ಕೋಣೆಯ ಚಿತ್ರ ಬರುತ್ತದೆ. ಅದರ ಕೆಳಗೆ ಒಂದಷ್ಟು ಹೆಸರು: ಕೊಡೆ, ಕತ್ತರಿ, ಮೀನು, ಬೀಗದ ಕೈ. ಆ ರಾಶಿಯೊಳಗೆ ಅವನ್ನು ಹುಡುಕಿ ಒತ್ತಬೇಕು. ಎಲ್ಲ ಸಿಕ್ಕಿದರೆ ಬಾಗಿಲು ತೆರೆಯುತ್ತದೆ, ಬಾಗಿಲಿನಾಚೆ ಇನ್ನೊಂದು ಕೋಣೆ, ಅಲ್ಲೂ ಇದೇ ಪಾಡು.

"ನಮ್ಮನೆ ಕಪಾಟು ತೆಗೆದ್ರೆ ಇದೇ ಆಟ ಅಲ್ವಾ ಅತ್ತಿಗೆ? ಕರೆಂಟೂ ಉಳಿಯುತ್ತೆ" ಎಂದು ನಾನು ರೇಗಿಸುತ್ತಿದ್ದೆ.

"ನಿನ್ನ ಕಪಾಟಲ್ಲಿ ಹುಡುಕಿದ್ದು ಸಿಗಲ್ಲ ಕಣೆ. ಇಲ್ಲಿ ಸಿಗುತ್ತೆ" ಎನ್ನುತ್ತಿದ್ದರು.

ಅತ್ತಿಗೆ ಶಾಲಾ ವ್ಯಾನ್ ಓಡಿಸುತ್ತಿದ್ದರು. ಮಕ್ಕಳು ವ್ಯಾನತ್ತೆ ಎಂದು ಕರೆದು ಕರೆದು ಕೊನೆಗೆ ಬೀದಿಗೆಲ್ಲ ಅದೇ ಹೆಸರಾಯಿತು. ಬೆಳಗ್ಗೆ ಮಕ್ಕಳನ್ನು ಬಿಟ್ಟು ಬಂದಮೇಲೆ, ಮಧ್ಯಾಹ್ನ ಕರೆತರಲು ಹೊರಡುವ ತನಕದ ಬಿಡುವೆಲ್ಲ ಆಟಕ್ಕೆ. ನಾನು ಅವರ ಗಂಡನ ತಂಗಿ. ನಮ್ಮ ಸಂಸಾರ ಮಹಡಿಯ ಮೇಲೆ. ಬೆಳಕು ಚೆನ್ನಾಗಿರುವುದು ಕೆಳಗಿನ ಮುಂಗೋಣೆಯಲ್ಲಾದ್ದರಿಂದ ನನ್ನ ಹೊಲಿಗೆ ಮಿಷನ್ನು ಅವರ ಕಂಪ್ಯೂಟರಿನ ಪಕ್ಕದಲ್ಲೇ ಕೂತಿದೆ. ಅವರು ಹುಡುಕುತ್ತಾರೆ, ನಾನು ಹೊಲಿಯುತ್ತೇನೆ, ಇಬ್ಬರೂ ಬಾಯಿಗೆ ಬಿಡುವು ಕೊಡುವುದಿಲ್ಲ. ನನ್ನ ಮಗಳೂ ಅದೇ ವ್ಯಾನಿನಲ್ಲಿ ಹೋಗಿಬರುತ್ತಾಳೆ. ಅವಳಿಗೆ ಪಿಟೀಲು ಎಂದು ಹೆಸರಿಟ್ಟವರು ಅತ್ತಿಗೆಯೇ. ಬೆಳಗಿನಿಂದ ಸಂಜೆಯವರೆಗೆ ಏನಾದರೊಂದು ದೂರು ಎಳೆಯುತ್ತಲೇ ಇರುತ್ತಾಳೆ, ಅದಕ್ಕೆ.

ಆಟಗಳ ಬಗ್ಗೆ ಅತ್ತಿಗೆಯ ಅಭಿಪ್ರಾಯಗಳನ್ನು ಕೇಳಬೇಕಿತ್ತು ನೀವು. ಯಾವ ನ್ಯಾಯಾಧೀಶರೂ ಅಷ್ಟು ಖಡಾಖಂಡಿತವಾಗಿ ತೀರ್ಪು ಕೊಡಲಾರರು.

"ಬಚ್ಚಿಡೋದು ಬೇರೆ, ಮೋಸ ಮಾಡೋದು ಬೇರೆ. ಕತ್ತರೀನ ಕೊಡೆ ಹಿಂದೆ ಇಡು, ನಾನು ಹುಡುಕ್ತೀನಿ. ಗೋಡೆ ಬಣ್ಣಾನೇ ಬಳಿದು ಗೋಡೇಲಿ ಅಂಟಿಸ್ಬೇಡ" ಎನ್ನುವರು. ಹೊತ್ತು ಗೊತ್ತುಮಾಡಿ, ಗಡಿಯಾರ ಟಿಕ್‌ಟಿಕ್ ಅನ್ನಿಸಿ ಹುಡುಕಿಸುವ ಆಟವೆಂದರೆ ಅವರಿಗೆ ಮೈಯುರಿ. ನಡುವೆ ಚೌಕದ ಬಿಲ್ಲೆಗಳನ್ನು ಅತ್ತಿತ್ತ ಸರಿಸಿ ಚಿತ್ರ ಕೂಡಿಸುವ ಒಗಟು ಬಂದರೆ, ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಮುಖ ಕಿವುಚುವರು. ಸುಳಿವಿನ ಗುಂಡಿಯನ್ನು ಒತ್ತಬಹುದು, ಆದರೆ ಪಕ್ಕದ ಮನೆಗೆ ಉಪ್ಪು ಕೇಳಲು ಹೋದ ಹಾಗೆ, ಅಪರೂಪಕ್ಕೆ ಮಾತ್ರ. ಇನ್ನು ಆ ಚಾಕು! "ಅಲ್ವೇ, ಹುಡುಕಿ ಹುಡುಕಿ ಒಂದು ಚಾಕು ತಗೊಂಡಿರ್ತೀನಿ. ಒಂದು ಹಗ್ಗ ಕೊಯ್ದ ತಕ್ಷಣ ಮಾಯ! ನಿಮ್ಮನೆ ಚಾಕು ಹಾಗಿದೆಯಾ?" ಕಥೆಯಂತೂ ಎಲ್ಲದರಲ್ಲೂ ಒಂದೇ: ಪಾಳುಬಿದ್ದ ದೊಡ್ಡ ಮನೆ, ಕಾಣೆಯಾದ ಹುಡುಗಿ, ಕಿಟಕಿಯಲ್ಲಿ ಬಿಳಿ ನೆರಳು. ಅತ್ತಿಗೆಗೆ ದೆವ್ವದ ಹೆದರಿಕೆ ಇರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಕಸ ಗುಡಿಸುವವರು ಯಾರು ಎಂಬುದೇ ಅವರ ಚಿಂತೆ.

ಅವರಿಗೆ ನಿಜವಾದ ಹೆದರಿಕೆ ಇದ್ದದ್ದು ಒಂದೇ, ವ್ಯಾನಿನ ಚಕ್ರದ್ದು. ಮಕ್ಕಳು ಎಲ್ಲೆಂದರಲ್ಲಿ ಕೂರುತ್ತವೆ, ಬಿದ್ದ ರಬ್ಬರಿಗೆ ಕೈ ಹಾಕುತ್ತವೆ. ಅದಕ್ಕೇ ವ್ಯಾನ್ ಹೊರಡಿಸುವ ಮುನ್ನ ಪ್ರತಿ ಸಲ ಕೆಳಗಿಳಿದು ಸುತ್ತ ಒಂದು ಸುತ್ತು ನಡೆದೇ ನಡೆಯುವರು. ವ್ಯಾನು ಎಡಗೈ ಕಡೆಗೆ ಬರುವಂತೆ ಮುಂದಿನಿಂದ ಶುರುಮಾಡಿ, ಬಾಗಿಲಿನ ಪಕ್ಕ ಹಾದು, ಹಿಂದಿನಿಂದ ಬಂದು ತಮ್ಮ ಸೀಟು ಹತ್ತುವರು. ಹತ್ತಿದ ಮೇಲೆ ಜೋರಾಗಿ "ಯಾರೂ ಇಲ್ಲ!" ಎನ್ನುವರು, ಒಳಗಿನ ಮಕ್ಕಳು "ಯಾರೂ ಇಲ್ಲ!" ಎಂದು ಕೂಗುವವು, ಆಮೇಲೆ ಎಂಜಿನ್ನು. ಮಳೆಯಿರಲಿ ಬಿಸಿಲಿರಲಿ, ಆ ಸುತ್ತು ತಪ್ಪಿದ್ದಿಲ್ಲ. ತಾಯಂದಿರು ಬೇರೆ ವ್ಯಾನು ಬಿಟ್ಟು ಇವರನ್ನೇ ಕೇಳಿಕೊಂಡು ಬರುತ್ತಿದ್ದುದು ಆ ಸುತ್ತಿನ ನಂಬಿಕೆಯ ಮೇಲೆ. ನಾನೂ ಅಷ್ಟೆ.

ಹೀಗಿರುವಾಗ ಅತ್ತಿಗೆಯ ತೀರ್ಪುಗಳು ಬದಲಾದವು. ಹೊಸದಾಗಿ ಹಾಕಿಸಿಕೊಂಡ ಆಟವನ್ನು ಅರ್ಧಕ್ಕೇ ಬಿಟ್ಟು, "ಈಗಿನವರಿಗೆ ಆಟ ಮಾಡೋಕೇ ಬರಲ್ಲ. ಎಲ್ಲಾನೂ ಎಡಗಡೆ ಕೆಳಮೂಲೇಲಿ ತುರುಕಿ ಬಚ್ಚಿಡ್ತಾರೆ" ಎಂದರು. ಇನ್ನೊಂದು ಹಾಕಿದರು. ಅದೂ ಹಾಗೇ. ಮೂರನೆಯದಕ್ಕೂ ಅದೇ ಬೈಗುಳ. ಉಪ್ಪು ಕೇಳಲು ಅಪರೂಪಕ್ಕೆ ಹೋಗುತ್ತಿದ್ದವರು ಸುಳಿವಿನ ಗುಂಡಿಯನ್ನು ಮೇಲಿಂದ ಮೇಲೆ ಒತ್ತತೊಡಗಿದರು.

ಒಮ್ಮೆ ನಾನು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಅವರ ಹಿಂದೆ ನಿಂತು ನೋಡಿದೆ. ಕೆಂಪು ಕೊಡೆ ಹುಡುಕುತ್ತಿದ್ದರು. ಕೊಡೆ ಎಡಗಡೆ ಕೆಳಗೆ, ಬರಿಯ ನೆಲದ ಮೇಲೆ, ಬಿಚ್ಚಿಕೊಂಡು ಬಿದ್ದಿತ್ತು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ! ಅಲ್ಲೇ ಇದೆಯಲ್ಲ ಅತ್ತಿಗೆ."

ಅವರು ತಲೆ ಆ ಕಡೆ ತಿರುಗಿಸಿದರು. "ಹ್ಞಾ, ಈಗ ಬಂತು ನೋಡು. ಇಷ್ಟು ಹೊತ್ತು ಇರ್ಲಿಲ್ಲ. ಕಳ್ಳರು."

ನಾನು ನಕ್ಕೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದೂ ಸೇರಿಸಿದೆ. ಅದೇ ವಾರ ಪಿಟೀಲು ಹೊಸ ರಾಗ ಎಳೆದಳು. "ವ್ಯಾನತ್ತೆ ನನ್ನ ಮಾತಾಡ್ಸಲ್ಲ. ಬಾಗಿಲ ಹತ್ರ ನಿಂತು ಕೈ ಆಡಿಸಿದ್ರೂ ಸುಮ್ನೆ ಹೋಗ್ತಾರೆ." ಅತ್ತಿಗೆ, "ಯಾವಾಗ ನೋಡಿದ್ರೂ ದೂರು ಹೇಳ್ಬೇಡ, ವ್ಯಾನಲ್ಲಿ ದೂರು ಹೇಳೋರಿಗೆ ಕಿಟಕಿ ಸೀಟಿಲ್ಲ" ಎಂದು ಬಾಯಿ ಮುಚ್ಚಿಸಿದರು.

ಹೊಸ ಆಟಗಳ ಸಹವಾಸವೇ ಬೇಡವೆಂದು ಒಂದು ಮಧ್ಯಾಹ್ನ ಅತ್ತಿಗೆ ಹಳೆಯದೊಂದು ಸೀಡಿ ಹುಡುಕಿ ತೆಗೆದರು. ಗಡಿಯಾರ ರಿಪೇರಿಯವನ ಅಂಗಡಿಯ ಆಟ ಅದು. ಎಷ್ಟು ಸಲ ಆಡಿದ್ದರೆಂದರೆ ಪಕ್ಕದಲ್ಲಿ ಕೂತು ಕೂತು ನನಗೂ ಬಾಯಿಪಾಠವಾಗಿತ್ತು. ಮೊದಲ ಕೋಣೆಯಲ್ಲಿ ಕಪ್ಪು ಬೆಕ್ಕು ಮೇಜಿನಡಿ ಎಡಗಡೆ ಮಲಗಿರುತ್ತದೆ. ನಾನು ರವಿಕೆಗೆ ತೋಳು ಕೂಡಿಸುತ್ತಾ ಕಾಯುತ್ತಿದ್ದೆ. ಮೌಸಿನ ಸದ್ದು ನಿಂತಿತು.

"ಇದನ್ನೂ ಬದಲಾಯಿಸಿಬಿಟ್ಟಿದಾರೆ ಕಣೆ" ಎಂದರು ಅತ್ತಿಗೆ. "ಬೆಕ್ಕು ತೆಗೆದುಬಿಟ್ಟಿದಾರೆ."

ಕಪಾಟಿನೊಳಗಿದ್ದ ಸೀಡಿಯನ್ನು ಯಾರು ಬಂದು ಬದಲಾಯಿಸುತ್ತಾರೆ? ಎದ್ದು ಹೋಗಿ ನೋಡಿದೆ. ಬೆಕ್ಕು ಅಲ್ಲೇ, ಮೇಜಿನಡಿಯಲ್ಲೇ, ಬಾಲ ಆಡಿಸುತ್ತಾ ಮಲಗಿತ್ತು.

"ಅತ್ತಿಗೆ, ಆ ಗೋಡೆ ಗಡಿಯಾರಾನೇ ನೋಡ್ತಿರಿ. ಕಣ್ಣು ಅಲ್ಲಾಡಿಸ್ಬೇಡಿ" ಎಂದು ಪರದೆಯ ನಡುವೆ ತೋರಿಸಿದೆ. ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣವನ್ನು ಬಲಗಡೆ ಹಿಡಿದೆ. "ಕಾಣ್ತಾ?"

"ಸುಣ್ಣದ ತುಂಡು ತಾನೆ? ಕಾಣುತ್ತೆ ಕಣೆ."

ಎಡಗಡೆ ಮೇಲೆ ಹಿಡಿದೆ. ಕಂಡಿತು. ಕೈಯನ್ನು ನಿಧಾನ ಕೆಳಗಿಳಿಸಿದೆ. "ಈಗ?"

"ಈಗ ಏನು? ತೋರಿಸು ಮತ್ತೆ."

ನನ್ನ ಕೈ ಅವರ ಮುಖದಿಂದ ಒಂದು ಮೊಳ ದೂರವೂ ಇರಲಿಲ್ಲ. ಸುಣ್ಣವನ್ನು ಅಲ್ಲಾಡಿಸಿದೆ. ಬೆರಳನ್ನೆಲ್ಲ ಬಿಚ್ಚಿ ಆಡಿಸಿದೆ. ಅತ್ತಿಗೆ ಗಡಿಯಾರ ನೋಡುತ್ತಾ ಕಾಯುತ್ತಲೇ ಇದ್ದರು.

ಇದರ ಅರ್ಥವನ್ನು ಆಮೇಲೆ ವೈದ್ಯರು ಬಿಡಿಸಿ ಹೇಳಿದರು. ಕಣ್ಣಿನ ತಪ್ಪಲ್ಲ, ತಲೆಯೊಳಗಿನ ಒಂದು ಸಣ್ಣ ರಕ್ತನಾಳ ಯಾವಾಗಲೋ ಸದ್ದಿಲ್ಲದೆ ಕಟ್ಟಿಕೊಂಡಿತ್ತು. ನೋಟದಲ್ಲಿ ಎಡಗಡೆ ಕೆಳಗಿನ ಕಾಲು ಭಾಗ ಅಳಿಸಿಹೋಗಿತ್ತು. ಅಲ್ಲಿ ಕತ್ತಲೆ ಕಾಣುವುದಿಲ್ಲವಂತೆ. ಕಂಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಸುತ್ತ ಏನಿದೆಯೋ ಅದನ್ನೇ ತಂದು ಮಿದುಳು ಅಲ್ಲಿ ತೇಪೆ ಹಾಕುತ್ತದಂತೆ. ನೆಲವಿದ್ದರೆ ನೆಲ, ರಸ್ತೆಯಿದ್ದರೆ ಖಾಲಿ ರಸ್ತೆ.

ಆ ಮಧ್ಯಾಹ್ನ ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಮಕ್ಕಳು ಇಳಿಯುವ ಬಾಗಿಲು ವ್ಯಾನಿನ ಎಡಗಡೆಗಿದೆ.

"ಅತ್ತಿಗೆ, ಇವತ್ತು ವ್ಯಾನು ತೆಗೀಬೇಡಿ."

"ಯಾಕೆ?"

"ನಿಮಗೆ ಎಡಗಡೆ ಕಾಣ್ತಿಲ್ಲ. ನನ್ನ ಕೈ ಅಲ್ಲೇ ಇತ್ತು."

ಅವರ ಮುಖ ಕೆಂಪಾಯಿತು. "ಲೈಸೆನ್ಸಿಗೆ ಹೋದಾಗ ಕೊನೇ ಸಾಲಿನ ಇರುವೆಯಂಥ ಅಕ್ಷರ ಓದಿ ಬಂದಿದೀನಿ. ಸೂಜಿಗೆ ದಾರ ಪೋಣಿಸೋಕೆ ನೀನು ನನ್ನ ಕರೀತೀಯ. ಈಗ ನನ್ನ ಕಣ್ಣು ಪರೀಕ್ಷೆ ಮಾಡ್ತೀಯಾ? ಶಾಲೆ ಬಿಡೋ ಹೊತ್ತಾಯ್ತು, ಮಕ್ಕಳು ಬಿಸಿಲಲ್ಲಿ ನಿಂತಿರ್ತವೆ. ಸರಿ ಆಚೆ."

ಬೀಗದ ಕೈ ತೆಗೆದುಕೊಂಡು ಹೊರಟೇಬಿಟ್ಟರು. ನಾನು ಮಿಷನ್ನನ್ನೂ ಬಟ್ಟೆಯನ್ನೂ ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಲೂ ಪುರುಸೊತ್ತಿಲ್ಲದೆ ಓಡಿ ಅವರ ಪಕ್ಕದ ಸೀಟು ಹತ್ತಿದೆ. ಅವರು ಬೇಡವೆನ್ನಲಿಲ್ಲ. ಅದು ನನಗೆ ಇನ್ನಷ್ಟು ಭಯ ಹುಟ್ಟಿಸಿತು. ಅತ್ತಿಗೆ ಬೇಡವೆನ್ನದೆ ಯಾವುದನ್ನೂ ಒಪ್ಪಿದವರಲ್ಲ.

ದಾರಿಯುದ್ದಕ್ಕೂ ನನ್ನ ಕಣ್ಣು ಎಡಗಡೆಯ ಅಂಚಿಗೆ ಅಂಟಿಕೊಂಡಿತ್ತು. ಪಾದಚಾರಿಗಳು, ತಳ್ಳುಗಾಡಿ, ಮಲಗಿದ ನಾಯಿ, ಎಲ್ಲವೂ ನನ್ನ ಕಡೆಯಿಂದಲೇ ನುಗ್ಗಿ ಬರುವಂತೆ ಕಂಡವು. ಅತ್ತಿಗೆ ಯಾವತ್ತಿನಂತೆ ಮೆತ್ತಗೆ ಓಡಿಸುತ್ತಿದ್ದರು, ಗೇರು ಬದಲಿಸಿದ್ದು ಗೊತ್ತಾಗುತ್ತಿರಲಿಲ್ಲ. ನಾನೇ ಎಲ್ಲೋ ಎಡವಟ್ಟು ಮಾಡಿಕೊಂಡಿರಬಹುದು ಎಂದು ಆಸೆಯಾಯಿತು. ಬ್ಯಾಂಕಿನ ಪಕ್ಕದ ತಿರುವಿನಲ್ಲಿ ಅವರು ಎಡಕ್ಕೆ ಹೊರಳಿಸಿದರು. ಸೈಕಲ್ಲಿನವನೊಬ್ಬ ನಮ್ಮ ಮುಂದಿನ ಚಕ್ರದ ಪಕ್ಕದಲ್ಲೇ ಇದ್ದ.

"ಸೈಕಲ್! ಅತ್ತಿಗೆ, ಸೈಕಲ್!"

ಬ್ರೇಕಿನ ಹೊಡೆತಕ್ಕೆ ನನ್ನ ಹಣೆ ಗಾಜಿಗೆ ಬಡಿಯಿತು. ಸೈಕಲ್ಲಿನವನು ವ್ಯಾನಿನ ಮೈಗೆ ರಪ್ಪೆಂದು ಬಾರಿಸಿ, ಬೈದು ಹೋದ.

"ಎಲ್ಲಿಂದ ಬರ್ತಾರೋ" ಎಂದರು ಅತ್ತಿಗೆ. ದನಿಯಲ್ಲಿ ಜೋರಿರಲಿಲ್ಲ. ಮುಂದೆ ಆಳು ನಡೆದಷ್ಟೇ ವೇಗದಲ್ಲಿ ಹೋದೆವು.

ಶಾಲೆಯ ಗೇಟಿನಲ್ಲಿ ಮಕ್ಕಳು ಕಲರವ ಮಾಡುತ್ತಾ ಬಂದು ಹತ್ತಿದವು. ನಾನು ಇಳಿದು ಗೇಟಿನ ಬಳಿ ನಿಂತು ಮಗಳಿಗಾಗಿ ಹುಡುಕಿದೆ. ಅತ್ತಿಗೆ ತಮ್ಮ ಸುತ್ತು ಶುರುಮಾಡಿದರು. ಮುಂದಿನಿಂದ ಬಂದರು, ವ್ಯಾನು ಎಡಗೈ ಕಡೆಗೆ. ಆಗ ನನಗೆ ಪಿಟೀಲು ಕಂಡಳು. ಮುಂದಿನ ಚಕ್ರಕ್ಕೆ ಬೆನ್ನು ಆನಿಸಿ ಕುಕ್ಕರಗಾಲಿನಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಅತ್ತಿಗೆಯ ಸೆರಗು ಅವಳ ತಲೆಯನ್ನು ಸವರಿತು. ಅವಳು ಕತ್ತೆತ್ತಿ ನಕ್ಕಳು. ಅತ್ತಿಗೆ ನಿಲ್ಲಲಿಲ್ಲ, ಬಾಗಿಲು ದಾಟಿ, ಹಿಂದಕ್ಕೆ ಹೋಗಿ, ಸೀಟು ಹತ್ತಿದರು.

"ಯಾರೂ ಇಲ್ಲ!"

"ಯಾರೂ ಇಲ್ಲ!" ಎಂದವು ಒಳಗಿನ ಮಕ್ಕಳು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಮಗಳನ್ನು ರಟ್ಟೆ ಹಿಡಿದು ಎಳೆದು, ಇನ್ನೊಂದು ಕೈಯಿಂದ ವ್ಯಾನಿನ ಮೂತಿಯನ್ನು ಗುದ್ದಿದೆ, ಕಿರುಚಿದೆ. ಎಂಜಿನ್ನು ಶುರುವಾದದ್ದು ನಿಂತಿತು. ಅತ್ತಿಗೆ ಇಳಿದು ಬಂದರು.

ಪಿಟೀಲು ತನ್ನ ರಾಗ ತೆಗೆದಳು. "ನೋಡಮ್ಮಾ, ಪಕ್ಕದಲ್ಲೇ ಹೋದ್ರು, ಇವತ್ತೂ ಮಾತಾಡಿಸ್ಲಿಲ್ಲ."

ಅತ್ತಿಗೆಯ ಮುಖದಲ್ಲಿ ರಕ್ತವಿರಲಿಲ್ಲ. "ಎಲ್ಲಿ ಕೂತಿದ್ದೆ ಪುಟ್ಟಾ?"

ಪಿಟೀಲು ಚಕ್ರ ತೋರಿಸಿದಳು.

"ದಿನಾ ಇಲ್ಲೇ ಕೂರ್ತೀಯಾ?"

"ಇಲ್ಲ, ಇವತ್ತು ಮಾತ್ರ. ನಿನ್ನೆ ಅವಳು ಕೂತಿದ್ಲು" ಎಂದು ಕಿಟಕಿಯತ್ತ ಬೆರಳು ಮಾಡಿದಳು. ಮೊದಲ ತರಗತಿಯ ಪುಟ್ಟ ಹುಡುಗಿಯೊಬ್ಬಳು ಅಲ್ಲಿ ನೀರಿನ ಬಾಟಲಿಯ ಪಟ್ಟಿ ಕಚ್ಚುತ್ತಾ ಕೂತಿದ್ದಳು. "ಅವಳ ಪೆನ್ಸಿಲು ಚಕ್ರದ ಕೆಳಗೆ ಹೋಗಿತ್ತು. ನೀವು ಯಾರೂ ಇಲ್ಲ ಅಂದ್ರಲ್ಲ, ಆಗ ನಾನೇ ಇಳಿದು ಅವಳ ಕೈ ಹಿಡಿದು ಎಳೆದು ಒಳಗೆ ಹತ್ತಿಸ್ಕೊಂಡೆ. ಪೆನ್ಸಿಲು ಪುಡಿಪುಡಿ ಆಯ್ತು, ಅವಳು ಅತ್ತಳು."

"ನನಗೆ ಯಾಕೆ ಹೇಳ್ಲಿಲ್ಲ?"

"ದೂರು ಹೇಳ್ಬೇಡ ಅಂದಿದ್ರಲ್ಲ."

ಅತ್ತಿಗೆ ವ್ಯಾನಿಗೆ ಒರಗಿಕೊಂಡರು. ಆಮೇಲೆ ಬೀಗದ ಕೈ ನನ್ನ ಅಂಗೈಗೆ ಒತ್ತಿದರು.

"ಎಲ್ಲರ ಮನೆಗೂ ಫೋನ್ ಮಾಡು. ಬಂದು ಕರ್ಕೊಂಡು ಹೋಗ್ಲಿ. ಯಾಕೆ ಅಂತ ಕೇಳಿದ್ರೆ ಇದ್ದದ್ದು ಇದ್ದ ಹಾಗೇ ಹೇಳು."

ಮಕ್ಕಳನ್ನು ನಾನೇ ಒಬ್ಬೊಬ್ಬರಾಗಿ ಇಳಿಸಿದೆ. ಆ ಪುಟ್ಟ ಹುಡುಗಿಯನ್ನು ಅತ್ತಿಗೆ ಎತ್ತಿಕೊಂಡರು, ಅವಳ ತಾಯಿ ಬರುವ ತನಕ ಕೆಳಗೆ ಬಿಡಲಿಲ್ಲ. ನಿಂತ ಜಾಗದಿಂದ ಒಂದು ಹೆಜ್ಜೆಯನ್ನೂ ಎತ್ತಿಡಲಿಲ್ಲ. "ಎಡಗಡೆ ಯಾರಾದ್ರೂ ಇದಾರೇನೇ?" ಎಂದು ಮಾತ್ರ ಮತ್ತೆ ಮತ್ತೆ ಕೇಳುತ್ತಿದ್ದರು. ಪ್ರತಿ ಸಲವೂ ನಾನು ಬಗ್ಗಿ, ಚಕ್ರದ ಹಿಂದುಮುಂದೆಲ್ಲ ನೋಡಿ, ಆಮೇಲೆ ಇಲ್ಲವೆಂದು ಹೇಳುತ್ತಿದ್ದೆ.