ಒಂದು ತಂತಿ ಹೆಚ್ಚಾದಾಗ

"ಅಗೀಬೇಡ ಗುರು, ನುಂಗು!"

ಬೆಂಗಳೂರಿನಲ್ಲಿ ನನಗೆ ಸಿಕ್ಕ ಮೊದಲ ಪಾಠ ಇದು. ಹೆಬ್ಬಾಳದಾಚೆ ಕೆಂಪಾಪುರದ ಒಂದು ಮನೆಯಲ್ಲಿ, ಬಿಸಿ ರಾಗಿಮುದ್ದೆಯನ್ನು ರೊಟ್ಟಿ ಅಗಿದಂತೆ ಅಗಿಯುತ್ತ ಕೂತಿದ್ದೆ. ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ತೆರೆಯಲಾಗದೆ ಕಣ್ಣಲ್ಲಿ ನೀರು ಬಂತು. ಆ ಮನೆಯ ಮಗ ಶ್ರೀಧರ ಬಿದ್ದು ಬಿದ್ದು ನಕ್ಕ. ನಾನು ಗದಗಿನಿಂದ ಬಂದು ಸೇರಿದ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವನು ನನ್ನ ಸೀನಿಯರ್. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಬೆಂಗಳೂರು ಹೆಂಗದ ಅಂತ ಊರವರು ಕೇಳುತ್ತೀರಿ. ಏನ್ ಹೇಳಲಿ! ನಮ್ಮಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಕುಡಿಯಲು ನೀರು ಕೊಡ್ತಾರೆ. ಇಲ್ಲಿ "ಯಾವ ಫ್ಯಾಕ್ಟರಿ?" ಅಂತಾರೆ. ಜಾಲಹಳ್ಳಿಯ ಕಾರ್ಖಾನೆ ಅಂದರೆ ತೆರೆಯುವ ಬಾಗಿಲು, ಸಂಶೋಧನೆ ಅಂದರೆ ಅರ್ಧ ಮುಚ್ಚುತ್ತಿತ್ತು. ಕಡೆಗೆ ಆರ್.ಟಿ. ನಗರದಲ್ಲಿ ಕೋಣೆ ಕೊಡಿಸಿದವನು ಶ್ರೀಧರನೇ. "ನಮ್ ಹುಡುಗ ಕಣಮ್ಮ, ಕೊಡಿ" ಅಂತ ಮನೆಯೊಡತಿಗೆ ಅಂದ, ಮುಗೀತು. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವನು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಜಗಳ ತೆಗೆಯದೆ ಸರಿಯಬೇಕು ಅಂತ ಹೇಳಿಕೊಟ್ಟ. "ಮಾಡಾಕತ್ತೀನಿ ಅಂದ್ರೆ ಇಲ್ಲಿ ನಗ್ತಾರೆ ಗುರು, ಮಾಡ್ತಿದೀನಿ ಅನ್ನು" ಅಂತ ನನ್ನ ಮಾತನ್ನೂ ತಿದ್ದಿದ.

ನನ್ನ ಕೆಲಸ ಇಷ್ಟೇ: ಪುಟ್ಟ ಪುಟ್ಟ ಸರ್ಕಿಟ್‌ಗಳನ್ನು ತಂತಿಯಿಂದ ಬೆಸೆದು ಒಂದು ಜಾಲ ಮಾಡುವುದು. ಒಂಟಿಯಾಗಿದ್ದಾಗ ಒಂದೊಂದೂ ತನ್ನದೇ ತಾಳದಲ್ಲಿ ಮಿಡಿಯುತ್ತದೆ. ಜೋಡಿಸಿದರೆ ಭಜನೆಯವರ ಹಾಗೆ ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ. ತಂತಿ ಹೆಚ್ಚಿದಷ್ಟೂ ಒಗ್ಗಟ್ಟು ಗಟ್ಟಿ ಅಂತ ನಾವೆಲ್ಲ ನಂಬಿದ್ದೆವು. ಒಂದು ಮಧ್ಯಾಹ್ನ ಇನ್ನೊಂದು ತಂತಿ ಬೆಸೆದೆ ನೋಡಿ, ಅಳೆಯುವ ಯಂತ್ರದ ಪರದೆಯ ಮೇಲೆ ಇಡೀ ತಾಳವೇ ಚೆಲ್ಲಾಪಿಲ್ಲಿ! ಕಿತ್ತೆ, ಒಂದಾಯಿತು. ಮತ್ತೆ ಬೆಸೆದೆ, ಮತ್ತೆ ಒಡೆಯಿತು. ನನ್ನ ಪಿಎಚ್.ಡಿ. ಸಿಕ್ಕಿತು ಅಂದುಕೊಂಡೆ.

ಅವತ್ತೇ ಸಂಜೆ ಹೆಬ್ಬಾಳ ಕೆರೆ ಏರಿಯ ಮೇಲೆ ಶ್ರೀಧರನಿಗೆ ಎಲ್ಲ ಹೇಳಿಬಿಟ್ಟೆ. ಯಾವ ತಂತಿ, ಎಲ್ಲಿಂದ ಎಲ್ಲಿಗೆ, ಯಾಕೆ, ಎಲ್ಲ. ನಮ್ಮ ಕಡೆ ಒಂದೇ ಗಂಗಾಳದಲ್ಲಿ ಉಂಡವನಿಂದ ಮುಚ್ಚಿಡುವುದು ಹೇಸಿಗೆಯ ಮಾತು. ಅವನು ಹೆಗಲ ಮೇಲೆ ಕೈ ಹಾಕಿ, "ಭರ್ಜರಿ ಗುರು! ಆದ್ರೆ ಮೇಷ್ಟ್ರಿಗೆ ಈಗ್ಲೇ ಹೇಳ್ಬೇಡ. ಕಂಪ್ಯೂಟರಲ್ಲೂ ಲೆಕ್ಕ ಹಾಕಿ ನೋಡು. ತಪ್ಪಾದ್ರೆ ಉಗೀತಾರೆ" ಅಂದ. ಮೇಷ್ಟ್ರು ಅಂದರೆ ನಮ್ಮಿಬ್ಬರ ಗೈಡ್. ಹೌದಲ್ಲ ಅನ್ನಿಸಿತು. ಲೆಕ್ಕವನ್ನು ತೂತುಗಳಾಗಿ ಹೊಡೆದ ಪಂಚ್ ಕಾರ್ಡುಗಳ ಕಟ್ಟು ಹಿಡಿದು ಕಂಪ್ಯೂಟರ್ ಸರದಿಯಲ್ಲಿ ಕಾಯುತ್ತ ಆ ಮಳೆಗಾಲ ಕಳೆದೆ.

ನಮ್ಮ ಲ್ಯಾಬಿನಲ್ಲೊಂದು ರೂಢಿಯಿತ್ತು. ಹೊಸದೇನಾದರೂ ಕಂಡವರು ಸಂಜೆ ಕಾಫಿಯ ಹೊತ್ತಿಗೆ ಎಲ್ಲರೆದುರು ಹಲಗೆಯ ಮೇಲೆ ಬರೆದು ತೋರಿಸಬೇಕು. ಮೊದಲು ಸೀಮೆಸುಣ್ಣ ಹಿಡಿದವರದೇ ಆ ಶೋಧ ಅಂತ ಲೆಕ್ಕ. ಲೆಕ್ಕ ಸರಿಬಂದ ದಿನ ಖುಷಿಯಲ್ಲಿ ಓಡಿ ಬಂದರೆ, ಹಲಗೆಯ ಮುಂದೆ ಶ್ರೀಧರ ನಿಂತಿದ್ದ. ಬರೆದಿದ್ದು ನನ್ನ ಜಾಲ. ಆ ತಂತಿಯನ್ನು ಮಾತ್ರ ಕೆಂಪು ಸೀಮೆಸುಣ್ಣದಲ್ಲಿ ಎಳೆದಿದ್ದ.

"ಅದು ನಂದ್ರೀ!" ಅಂತ ಕೂಗಿದೆ.

ಶ್ರೀಧರ ನನ್ನ ಕಡೆ ತಿರುಗಲಿಲ್ಲ. "ಇವ್ರು ಬೆಸುಗೆ ಹಾಕೋದ್ರಲ್ಲಿ ತುಂಬಾ ಸಹಾಯ ಮಾಡಿದ್ರು ಸಾರ್" ಅಂದ. ಅಲ್ಲಿಯವರೆಗೆ 'ಗುರು' ಆಗಿದ್ದವನು 'ಇವ್ರು' ಆಗಿಬಿಟ್ಟೆ.

ಮೇಷ್ಟ್ರು ಕಾಫಿ ಕೆಳಗಿಡದೆಯೇ, "ಅವನು ನನಗೆ ಆಗ್ಲೇ ಬರೆದು ಕೊಟ್ಟಾಗಿದೆ. ನೀವ್ಯಾಕೆ ಇಷ್ಟು ದಿನ ಬಾಯಿ ಬಿಡ್ಲಿಲ್ಲ? ಎಲ್ಲಾ ಒಂದೇ ಲ್ಯಾಬ್ ಕಣ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಅದೇನು ಬಸ್ಸಿನ ಸೀಟೇನ್ರೀ? ಲೇಖನ ಅವರಿಬ್ಬರ ಹೆಸರಲ್ಲಿ ಅಚ್ಚಾಯಿತು. ನಾನು ಯಾವುದೋ ಸಪ್ಪೆ ವಿಷಯ ಹಿಡಿದು ಮೊದಲಿಂದ ಶುರುಮಾಡಿದೆ. ತಡವಾಗಿ ಡಿಗ್ರಿ ಬಂತು, ಯಲಹಂಕದ ಕಾಲೇಜೊಂದರಲ್ಲಿ ನೌಕರಿಯೂ ಸಿಕ್ಕಿತು. ಸಿಟ್ಟು ಮಾತ್ರ ಇಳಿದಿಲ್ಲ, ಇಳಿಯುವುದೂ ಬೇಡ.

ಹಂಗಾರ ಊರಿಗೆ ಬಂದುಬಿಡು ಅನ್ನುತ್ತೀರಿ. ಬರಬಹುದಿತ್ತು. ಆದರೆ ಈ ಊರು ನನಗೆ ಅಭ್ಯಾಸವಾಗಿಬಿಟ್ಟಿದೆ. ಇರುವ ಕೋಣೆ, ಉಣ್ಣುವ ಹೋಟೆಲು, ಹತ್ತುವ ಬಸ್ಸು, ಎಲ್ಲ ಆ ದ್ರೋಹಿ ತೋರಿಸಿಕೊಟ್ಟಿದ್ದೇ.

ಕಳೆದ ದೀಪಾವಳಿಗೆ ಗದಗಿಗೆ ಬಂದಿದ್ದೆನಲ್ಲ, ಊಟಕ್ಕೆ ಕೂತಾಗ ಅವ್ವ ಇನ್ನೊಂದು ರೊಟ್ಟಿ ಹಾಕಲು ಬಂದಳು. "ಸಾಕು ಕಣಮ್ಮ" ಅಂದೆ.

ಅವ್ವನ ಕೈ ಹಾಗೇ ನಿಂತಿತು. "ಕಣಮ್ಮ ಅಂತ! ಇದ್ಯಾರ ಮಾತೋ ಯಪ್ಪಾ? ಯಾರ ಕಡೆ ಕಲ್ತಿ?" ಅಂತ ನಕ್ಕಳು.

ಅವನ ಹೆಸರು ಗಂಟಲವರೆಗೆ ಬಂತು. ಬಾಯಲ್ಲಿದ್ದ ರೊಟ್ಟಿಯನ್ನು ಅಗಿಯದೆ ನುಂಗಿಬಿಟ್ಟೆ.