ಬಲಭುಜಕ್ಕೆ ಎಂಟು ಸಲ ಕಾಂತ

ನನ್ನ ಬಲಭುಜ ನೋಯಲು ಶುರುವಾಗಿ ಮೂರು ವರ್ಷ ಕಳೆದಿತ್ತು. ನಾವು ಬಂಗಾಳದಲ್ಲಿ ನೆಲೆಸಿದ ಕನ್ನಡಿಗರು; ನನಗೆ ಅಲ್ಲಿನ ಬಿಬಿಡಿ ಬಾಗಿನ ಬ್ಯಾಂಕೊಂದರಲ್ಲಿ ಕೆಲಸ. ದಿನವಿಡೀ ಕಂಪ್ಯೂಟರ್ ಮುಂದೆ. ಮಾತ್ರೆ, ಎಣ್ಣೆ, ಬಿಸಿನೀರಿನ ಚೀಲ ಎಲ್ಲ ಆಗಿತ್ತು. ಮಗಳ ಜಡೆ ಹೆಣೆಯಲೂ ಕೈ ಮೇಲೇಳುತ್ತಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲಾಗದೆ, ಬ್ರೇಕ್ ಹಾಕಿದ ರಭಸಕ್ಕೆ ಎಲ್ಲರೆದುರು ಬಿದ್ದೆ. ಮೊಣಕಾಲು ತರಚಿತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಸಂಜೆ ಗಂಡ ಹೇಳಿದ ಮಾತು: "ಸಾಕು, ಸ್ವಯಂ ನಿವೃತ್ತಿ ತಗೊಂಡುಬಿಡು."

"ಭುಜ ನೋಯ್ತದೆ ಅಂತ ಇಪ್ಪತ್ತೆರಡು ವರ್ಷದ ಕೆಲಸ ಬಿಡುವುದಿಲ್ಲ" ಎಂದೆ. ಆ ವಾರವೇ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ.

ಅಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಬಂಗಾಳಿ ಹೆಂಗಸು. ಕೈ ಎತ್ತಿಸಿ, ತಿರುಗಿಸಿ ನೋಡಿ ಹಿಂದಿಯಲ್ಲಿ ಹೇಳಿದರು: "ದೀದಿ, ಕಾಂತದ, ಅಂದರೆ ಮ್ಯಾಗ್ನೆಟ್ಟಿನ ಚಿಕಿತ್ಸೆ ಮಾಡಿ ನೋಡಬಹುದು. ಚುಚ್ಚುವುದು, ಕೊಯ್ಯುವುದು ಇಲ್ಲ. ಕೆಲವರಿಗೆ ನೋವು ಇಳಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ವ್ಯಾಯಾಮ ಮಾತ್ರ ಬಿಡುವ ಹಾಗಿಲ್ಲ." ಎಂಟು ಸಲ ಹೋಗಬೇಕಿತ್ತು. ಕುತ್ತಿಗೆ, ಕೈ ಮೇಲೆ ಲೋಹದ್ದು ಏನೂ ಇರಬಾರದಿತ್ತು.

ಅದನ್ನು ಕೇಳಿ ಅತ್ತೆ ಹೌಹಾರಿದರು. "ಕರಿಮಣಿ ತೆಗೀಲಿಕ್ಕುಂಟಾ? ಎಂತ ಮದ್ದು ಮಾರಾಯ್ತಿ ಅದು?"

ಮದುವೆಯಾದಂದಿನಿಂದ ನಾನು ಅದನ್ನು ತೆಗೆದವಳಲ್ಲ. ಮೊದಲ ಸಲ ಹೊರಡುವ ಮುಂಚೆ ತೆಗೆದು ಅವರ ಅಂಗೈಯಲ್ಲಿಟ್ಟೆ. "ನಾನು ಬರುವವರೆಗೆ ನಿಮ್ಮ ಹತ್ತಿರವೇ ಇರಲಿ ಅತ್ತೆ."

ಅವರು ಸೀರೆ ಬದಲಿಸಿ ನನ್ನ ಜೊತೆಗೇ ಹೊರಟರು. ಕ್ಲಿನಿಕ್ಕಿನ ಬೆಂಚಿನಲ್ಲಿ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತರು.

ತಟ್ಟೆಯಷ್ಟು ಅಗಲದ, ತಂತಿ ಜೋಡಿಸಿದ ಸುರುಳಿಯೊಂದನ್ನು ಡಾಕ್ಟರು ಭುಜದ ಮೇಲಿಟ್ಟರು. ಟಕ್ ಟಕ್ ಟಕ್ ಎಂದು ಸದ್ದು. ಒಂದೊಂದು ಸದ್ದಿಗೂ ಭುಜದ ಸ್ನಾಯು ನನ್ನನ್ನು ಕೇಳದೆ ತಾನಾಗಿ ಜಿಗಿಯುತ್ತಿತ್ತು. ನೋವಿಲ್ಲ, ಆದರೆ ವಿಚಿತ್ರ. ನನ್ನ ಮೈಯೊಳಗೆ ಬೇರೆ ಯಾರೋ ಇದ್ದ ಹಾಗೆ.

ಮೂರನೆಯ ಸಲ ಮುಗಿಸಿ ಬಂದಾಗ ನೋವು ಕಡಿಮೆಯಾಗುವ ಬದಲು ಹೆಚ್ಚಾಯಿತು. ಮಗಳು ಐಸ್ ಚೀಲ ಒತ್ತುತ್ತಾ, "ಅಮ್ಮಾ, ಛೋಡ್ ದೋ ನಾ, ಇಟ್ಸ್ ನಾಟ್ ವರ್ಕಿಂಗ್" ಎಂದಳು. ಬಿಡೋಣ ಎಂದು ನನಗೂ ಅನಿಸಿತ್ತು. ಆದರೆ ಎಂಟು ಎಂದು ಒಪ್ಪಿಕೊಂಡ ಮೇಲೆ ಮೂರಕ್ಕೆ ನಿಲ್ಲಿಸಿದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಮುಂದಿನ ಸಲ ಅವರು ಯಂತ್ರದ ಜೋರು ತಗ್ಗಿಸಿದರು. ನಾನು ಹೋಗುತ್ತಲೇ ಇದ್ದೆ. ದಿನಾ ಬೆಳಿಗ್ಗೆ ವ್ಯಾಯಾಮಕ್ಕೆಂದು ಹಲ್ಲು ಕಚ್ಚಿಕೊಂಡು, ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದೇ ಇಂಚು ಮೇಲೇರಿಸಿದೆ.

ಆರನೆಯ ಸಲದ ಮರುದಿನ ಅಡುಗೆಮನೆಯ ಮೇಲಿನ ಹಲಗೆಯಿಂದ ಸಾಸಿವೆ ಡಬ್ಬಿ ಇಳಿಸಿದೆ. ಬಲಗೈಯಲ್ಲಿ ಇಳಿಸಿದೆ ಎಂದು ಗೊತ್ತಾಗಿದ್ದು ಒಗ್ಗರಣೆ ಚಟಪಟ ಎಂದ ಮೇಲೆ. ನೋವು ಪೂರ್ತಿ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಆದರೆ ನಾನು ನಿವೃತ್ತಿಯ ಅರ್ಜಿ ಬರೆಯಲಿಲ್ಲ. ಗಂಡನೂ ಆ ಮಾತು ಮತ್ತೆ ಎತ್ತಲಿಲ್ಲ.

ಕೊನೆಯ ದಿನ ಅತ್ತೆ ತಾವಾಗಿಯೇ ಡಾಕ್ಟರ ಮುಂದೆ ಕಾಲು ಚಾಚಿದರು. "ನನ್ನ ಗಂಟಿಗೂ ಆಗ್ತದಾ ಕೇಳು."

ಅವರ ಎದೆಯಲ್ಲಿ ಪೇಸ್‌ಮೇಕರ್ ಇದೆ ಎಂದು ನಾನು ಹೇಳಿದ ಕೂಡಲೇ ಡಾಕ್ಟರು ಕಾಂತ ಅದನ್ನು ಕೆಡಿಸಬಹುದು, ಆಗುವುದೇ ಇಲ್ಲ ಎಂದರು. ಬದಲಿಗೆ ಕುರ್ಚಿಯಲ್ಲಿ ಕೂತು ಮಾಡುವ ನಾಲ್ಕು ವ್ಯಾಯಾಮ ತೋರಿಸಿದರು. ಅತ್ತೆ ದಾರಿಯುದ್ದಕ್ಕೂ ಮುನಿಸಿಕೊಂಡೇ ಬಂದರು. ಮರುದಿನ ನಾನು ಏಳುವ ಮೊದಲೇ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕಾಲು ಮೇಲೆ ಕೆಳಗೆ ಮಾಡುತ್ತಿದ್ದರು.